ಬಣ್ಣದ ಡೆವಿಲ್ಡ್ ಎಗ್: ಬಿಳಿಗೆ ಬಣ್ಣವೋ, ಹೂರಣಕ್ಕೋ? ಅಚ್ಚೋ, ಚಾಕುವೋ?

ಪಾರ್ಟಿಗೆ ಬಣ್ಣಬಣ್ಣದ ಡೆವಿಲ್ಡ್ ಎಗ್ ಮಾಡಬೇಕು ಅಂತ ಹೊರಟವರಿಗೆ ಆಯ್ಕೆಗಳಿಗೇನೂ ಬರವಿಲ್ಲ. ಬಿಳಿ ಭಾಗಕ್ಕೆ ಬಣ್ಣ ಹಾಕಬಹುದು, ಒಳಗಿನ ಹೂರಣಕ್ಕೂ ಹಾಕಬಹುದು. ಬೀಟ್‌ರೂಟ್ ರಸ ಇದೆ, ಬಾಟಲಿಯ ಫುಡ್ ಕಲರ್ ಇದೆ. ಹೃದಯ, ನಕ್ಷತ್ರದ ಅಚ್ಚುಗಳಿವೆ. ಬರೀ ಚಾಕುವಿನಲ್ಲೇ ಹೂವು ಮಾಡುವ ದಾರಿಯೂ ಇದೆ. ಎಲ್ಲವನ್ನೂ ಒಂದೇ ಮೊಟ್ಟೆಯ ಮೇಲೆ ಮಾಡಲು ಹೋದಾಗ ಕಷ್ಟ. ಕೆಲಸ ಜಾಸ್ತಿಯಾಗುತ್ತದೆ, ಯಾವ ಅಲಂಕಾರವೂ ಎದ್ದು ಕಾಣೋದಿಲ್ಲ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಪಾರ್ಟಿಗಳಿಗೆ ಬಿಳಿಗೆ ಬಣ್ಣ ಹಾಕಿ, ಆಕಾರವನ್ನು ಚಾಕುವಿನಲ್ಲಿ ಕೊಡಿ, ಹೂರಣವನ್ನು ಅದರ ಹಳದಿಯಲ್ಲೇ ಬಿಡಿ. ಯಾವ ಸಂದರ್ಭದಲ್ಲಿ ಬೇರೆ ದಾರಿ ಹಿಡಿಯಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ಹೊಸಬರಿಗೆ ಎರಡು ಮಾತು. ಡೆವಿಲ್ಡ್ ಎಗ್ ಅಂದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಹೋಳು ಮಾಡಿ, ಹಳದಿಯನ್ನು ಹೊರಗೆ ತೆಗೆದು, ಮಸಾಲೆ ಜೊತೆ ಕಲಸಿ, ಮತ್ತೆ ಬಿಳಿಯ ಗುಳಿಗೆ ತುಂಬುವುದು. 6 ಮೊಟ್ಟೆಗೆ ಕಾಲು ಕಪ್ ಮಯೊನೀಸ್, 1 ಟೀ ಚಮಚ ಸಾಸಿವೆ ಪೇಸ್ಟ್, 1 ಟೀ ಚಮಚ ವಿನೆಗರ್, ರುಚಿಗೆ ಉಪ್ಪು, ಕಾಳುಮೆಣಸಿನ ಪುಡಿ. ಅಳತೆ ಇಷ್ಟೇ. ಮಯೊನೀಸ್ ಒಂದೇ ಸಲ ಸುರಿಯಬೇಡಿ. ಹೂರಣ ತೆಳ್ಳಗಾದರೆ ಯಾವ ಅಲಂಕಾರವೂ ನಿಲ್ಲೋದಿಲ್ಲ.

ಹೊಸ ಮೊಟ್ಟೆಯೋ, ವಾರದ ಮೊಟ್ಟೆಯೋ?

ಅಲಂಕಾರದ ಮೊದಲ ಆಯ್ಕೆ ಬಣ್ಣದ್ದಲ್ಲ, ಮೊಟ್ಟೆಯದ್ದು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂದರೆ ಆ ಗುಂಡಿಗಳಲ್ಲಿ ಬಣ್ಣ ಗಾಢವಾಗಿ ನಿಂತು ಕಲೆಯ ಹಾಗೆ ಕಾಣುತ್ತದೆ. ಬಣ್ಣ ಹಾಕದ ಮೊಟ್ಟೆಯಲ್ಲಿ ಕಾಣದ ಗೀರು ಕೂಡ ಬಣ್ಣ ಹಾಕಿದ ಮೇಲೆ ಕಾಣುತ್ತದೆ. ಹಾಗಾಗಿ ನಯವಾಗಿ ಸುಲಿಯುವುದು ತುಂಬಾ ಮುಖ್ಯ.

ತೀರಾ ಹೊಸ ಮೊಟ್ಟೆ ಚೆನ್ನಾಗಿ ಸುಲಿಯೋದಿಲ್ಲ. ಮೊಟ್ಟೆ ಹಳೆಯದಾದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಬಿಳಿಯ ಕ್ಷಾರ ಗುಣ ಹೆಚ್ಚುತ್ತದೆ. ಆಗ ಬಿಳಿ ಒಳಪೊರೆಗೆ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳೋದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ, ಹತ್ತು ದಿನ ಇದ್ದ ಮೊಟ್ಟೆ ಇದಕ್ಕೆ ಸರಿ.

ಆದರೆ ಹಳೆಯ ಮೊಟ್ಟೆಗೂ ಒಂದು ಕೊರತೆ ಇದೆ. ಬಿಳಿ ನೀರಾಗುವುದರಿಂದ ಹಳದಿ ನಡುವೆ ನಿಲ್ಲದೆ ಒಂದು ಬದಿಗೆ ಸರಿಯುತ್ತದೆ. ಕತ್ತರಿಸಿದಾಗ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ದಪ್ಪ ತುದಿಯಲ್ಲಿ ಗಾಳಿಯ ಗೂಡು ದೊಡ್ಡದಾಗಿ ಅಲ್ಲೊಂದು ಚಪ್ಪಟೆ ತಗ್ಗೂ ಆಗುತ್ತದೆ. ಹೀಗಾಗಿ ತಿಂಗಳ ಹಳೆಯ ಮೊಟ್ಟೆ ಬೇಡ, ಮೊನ್ನೆಯದ್ದೂ ಬೇಡ. ವಾರದ ಮೊಟ್ಟೆ ತಗೊಂಡು, ಹಿಂದಿನ ರಾತ್ರಿ ಅಡ್ಡಡ್ಡ ಮಲಗಿಸಿ ಇಡಿ. ಬೇಯುವ ಮೊದಲ ಕೆಲವು ನಿಮಿಷ ನೀರನ್ನು ಮೆಲ್ಲಗೆ ತಿರುಗಿಸುತ್ತಿರಿ. ಹಳದಿ ನಡುವೆ ಉಳಿಯಲು ಇವೆರಡೂ ಸಹಾಯ ಮಾಡುತ್ತವೆ.

ಬೇಯಿಸುವುದರಲ್ಲೂ ಎರಡು ದಾರಿ. ತಣ್ಣೀರಿನಲ್ಲಿ ಇಟ್ಟು ಕಾಯಿಸುವುದು ಹಳೆಯ ರೂಢಿ. ಕುದಿಯುವ ನೀರಿಗೆ ನೇರ ಇಳಿಸುವುದು, ಇಲ್ಲವೇ ಆವಿಯಲ್ಲಿ ಬೇಯಿಸುವುದು ಇನ್ನೊಂದು. ಅಲಂಕಾರಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ನಿಧಾನವಾಗಿ ಬಿಸಿಯಾದರೆ ಬಿಳಿ ಪೊರೆಗೆ ಅಂಟುತ್ತದೆ. ಒಮ್ಮೆಲೇ ಬಿಸಿ ತಗುಲಿದರೆ ಪೊರೆಯಿಂದ ಬಿಡಿಸಿಕೊಳ್ಳುತ್ತದೆ. ಕುದಿಯುವ ನೀರಿನಲ್ಲಿ 11–12 ನಿಮಿಷ, ಆವಿಯಲ್ಲಿ ಸುಮಾರು 13 ನಿಮಿಷ. ಆಮೇಲೆ ತಕ್ಷಣ ಐಸ್ ನೀರಿಗೆ. ಜಾಸ್ತಿ ಬೆಂದರೆ ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಸೇರಿ ಹಳದಿಯ ಸುತ್ತ ಹಸಿರು ಬೂದು ಪೊರೆ ಕಟ್ಟುತ್ತದೆ. ತಿನ್ನಲು ತೊಂದರೆ ಇಲ್ಲ. ಆದರೆ ಅದು ಹೂರಣದೊಳಗೆ ಸೇರಿದರೆ ಹಳದಿ ಮಂಕಾಗುತ್ತದೆ. ಹಳದಿಯನ್ನೇ ನೆಚ್ಚಿಕೊಂಡು ಅಲಂಕಾರ ಮಾಡುವವರಿಗೆ ಇದು ನಷ್ಟವೇ.

ಬಣ್ಣ ಬಿಳಿಗೋ, ಹೂರಣಕ್ಕೋ?

ಬಿಳಿ ಅಂದರೆ ಬಿಳಿಯೇ. ಅದರ ಮೇಲೆ ಯಾವ ಬಣ್ಣ ಹಾಕಿದರೂ ಆ ಬಣ್ಣವೇ ಕಾಣುತ್ತದೆ. ಹೂರಣ ಹಾಗಲ್ಲ, ಅದಕ್ಕೆ ಮೊದಲೇ ಗಟ್ಟಿ ಹಳದಿ ಬಣ್ಣ ಇದೆ. ನೀಲಿ ಹಾಕಿದರೆ ಹಸಿರಾಗುತ್ತದೆ, ಕೆಂಪು ಹಾಕಿದರೆ ಕಿತ್ತಳೆ. ನೇರಳೆ ಹಾಕಿದರೆ ಕೆಸರು ಕಂದು. ಬೀಟ್‌ರೂಟ್ ಪುಡಿ ಹಾಕಿದರೆ ಗುಲಾಬಿ ಬರುತ್ತದೆ ಅಂದುಕೊಂಡವರಿಗೆ ಇಟ್ಟಿಗೆ ಬಣ್ಣ ಸಿಗುತ್ತದೆ. ಹೂರಣದಲ್ಲಿ ನಂಬಿಕೆಯಿಂದ ಸಿಗುವ ಬಣ್ಣಗಳು ಮೂರೇ: ಹಸಿರು, ಕಿತ್ತಳೆ, ಮತ್ತು ಇನ್ನೂ ಗಾಢ ಹಳದಿ.

ಹಸಿರು ಮಾತ್ರ ನಿಜಕ್ಕೂ ಚೆನ್ನಾಗಿ ಬರುತ್ತದೆ. ಬೆಣ್ಣೆಹಣ್ಣು ಹಾಕಿದರೆ ಮಯೊನೀಸ್ ಕಡಿಮೆ ಮಾಡಬಹುದು, ಮೃದುವಾಗಿಯೂ ಇರುತ್ತದೆ. ಆದರೆ ಗಾಳಿ ತಗುಲಿ ಕಂದಾಗುತ್ತದೆ. ನಿಂಬೆರಸ ಅದನ್ನು ತಡಮಾಡುತ್ತದೆ, ಪೂರ್ತಿ ತಡೆಯೋದಿಲ್ಲ. ಪಾಲಕ್ ಅಥವಾ ಕೊತ್ತಂಬರಿ ಸೊಪ್ಪನ್ನು ಅರ್ಧ ನಿಮಿಷ ಕುದಿನೀರಿಗೆ ಹಾಕಿ, ತಣ್ಣೀರಿಗೆ ತೆಗೆದು, ಗಟ್ಟಿಯಾಗಿ ಹಿಂಡಿ ರುಬ್ಬಿದರೆ ಬಣ್ಣ ಜಾಸ್ತಿ ಹೊತ್ತು ನಿಲ್ಲುತ್ತದೆ. ಮೊದಲೇ ಮಾಡಿಡಬೇಕಾದ ಪಾರ್ಟಿಗೆ ಸೊಪ್ಪು, ಮಾಡಿದ ತಕ್ಷಣ ತಿನ್ನುವುದಕ್ಕೆ ಬೆಣ್ಣೆಹಣ್ಣು.

ಗುಲಾಬಿ ಅಥವಾ ನೀಲಿ ಹೂರಣವೇ ಬೇಕು ಅಂತಿದ್ದರೆ ಒಂದು ದಾರಿ ಇದೆ. ಹಳದಿಯ ಪ್ರಮಾಣ ತಗ್ಗಿಸಿ ಕ್ರೀಮ್ ಚೀಸ್ ಸೇರಿಸಿ. ಹೂರಣ ಬಿಳುಪಾಗುತ್ತದೆ, ಆಮೇಲೆ ಹಾಕಿದ ಬಣ್ಣ ಸ್ವಲ್ಪ ಮಟ್ಟಿಗೆ ನಿಲ್ಲುತ್ತದೆ. ಆದರೆ ರುಚಿ ಮೊಟ್ಟೆಯಿಂದ ಚೀಸ್ ಕಡೆಗೆ ಸರಿಯುತ್ತದೆ. ಒಂದು ಬಣ್ಣಕ್ಕಾಗಿ ಅಷ್ಟು ರುಚಿ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಲ್ಲ.

ಅದಕ್ಕಿಂತ ಗುಲಾಬಿ ಬಿಳಿಯೊಳಗೆ ಹಳದಿ ಹೂರಣ, ನೀಲಿ ಬಿಳಿಯೊಳಗೆ ಹಳದಿ ಹೂರಣ ಇಟ್ಟು ನೋಡಿ. ಎರಡೂ ಬಣ್ಣಗಳು ಒಂದನ್ನೊಂದು ಎತ್ತಿ ತೋರಿಸುತ್ತವೆ. ಹಳದಿಯನ್ನು ಮರೆಮಾಡುವ ಅಗತ್ಯವೇ ಇಲ್ಲ, ಅಲ್ವಾ?

ತರಕಾರಿ ಬಣ್ಣವೋ, ಬಾಟಲಿ ಬಣ್ಣವೋ?

ಬಾಟಲಿಯ ಫುಡ್ ಕಲರ್ ಬೇಗ ಹಿಡಿಯುತ್ತದೆ, ಪ್ರತಿಸಲವೂ ಒಂದೇ ಛಾಯೆ ಕೊಡುತ್ತದೆ. 1 ಕಪ್ ನೀರು, 1 ಟೀ ಚಮಚ ವಿನೆಗರ್, 10ರಿಂದ 20 ಹನಿ ಬಣ್ಣ. ತಿಳಿ ಬಣ್ಣಕ್ಕೆ 5 ನಿಮಿಷ ಸಾಕು, ಗಾಢ ಬಣ್ಣಕ್ಕೆ 20 ನಿಮಿಷದ ಮೇಲೆ ಬೇಕು. ವಿನೆಗರ್ ಬಿಡಬೇಡಿ. ಹುಳಿ ಇದ್ದಾಗ ಮೊಟ್ಟೆಯ ಪ್ರೋಟೀನು ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಬಣ್ಣ ಪೇಲವವಾಗಿ, ಒರೆಸಿದರೆ ಹೋಗುವಂತೆ ಇರುತ್ತದೆ. ಜೆಲ್ ಬಣ್ಣವಾದರೆ ಮೊದಲು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ಕರಗದ ಚುಕ್ಕೆ ಮೊಟ್ಟೆಗೆ ತಗುಲಿದರೆ ಅಲ್ಲೇ ಗಾಢ ಕಲೆ.

ತರಕಾರಿ ಬಣ್ಣಕ್ಕೆ ಸಮಯ ಬೇಕು, ಛಾಯೆ ಕೂಡ ಹೇಳಿದ ಮಾತು ಕೇಳೋದಿಲ್ಲ. ಆದರೂ ನನಗೆ ಇವೇ ಇಷ್ಟ. ಬಾಟಲಿ ಬಣ್ಣದಲ್ಲಿ ಸಿಗದ ಆಳ ಇವುಗಳಲ್ಲಿದೆ. ಕತ್ತರಿಸಿದಾಗ ಹೊರಗಿನಿಂದ ಒಳಗೆ ಬಣ್ಣ ಮೆಲ್ಲಗೆ ತಿಳಿಯಾಗುತ್ತಾ ಹೋಗುವುದನ್ನು ನೋಡುವುದೇ ಚೆಂದ.

ಬೀಟ್‌ರೂಟ್ ಎಲ್ಲಕ್ಕಿಂತ ಸುಲಭ. ಹೋಳುಗಳನ್ನು ಬೇಯಿಸಿ, ಆ ನೀರನ್ನು ಸೋಸಿ, ತಣಿಸಿ, ಸ್ವಲ್ಪ ವಿನೆಗರ್, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಮೊಟ್ಟೆ ಮುಳುಗಿಸಿಡಿ. ಅರ್ಧ ಗಂಟೆಗೆ ತಿಳಿ ಗುಲಾಬಿ. ಫ್ರಿಜ್ಜಿನಲ್ಲಿ ಕೆಲವು ಗಂಟೆ ಇಟ್ಟರೆ ಗಾಢ ಗುಲಾಬಿ. ಇಡೀ ರಾತ್ರಿ ಬಿಟ್ಟರೆ ಬಣ್ಣ ಬಿಳಿಯೊಳಗೆ ಇಳಿದು ಕತ್ತರಿಸಿದಾಗ ಅಗಲ ಪಟ್ಟಿಯಾಗಿ ಕಾಣುತ್ತದೆ. ಇನ್ನೂ ಜಾಸ್ತಿ ಹೊತ್ತು ಹುಳಿಯಲ್ಲಿ ಬಿಟ್ಟರೆ ಬಿಳಿ ರಬ್ಬರಿನಂತಾಗುತ್ತದೆ. ಒಂದು ರಾತ್ರಿಗೆ ನಿಲ್ಲಿಸುವುದು ಒಳ್ಳೆಯದು.

ನೇರಳೆ ಎಲೆಕೋಸಿನ ವಿಷಯ ಇನ್ನೂ ಸೊಗಸು. ಕೋಸಿನ ನೀರು ನೇರಳೆ. ಆದರೆ ಅದರಲ್ಲಿರುವ ಆಂಥೋಸಯಾನಿನ್ ಅನ್ನುವ ಬಣ್ಣ ಹುಳಿ ಸಿಕ್ಕರೆ ಕೆಂಪು ಕಡೆಗೆ, ಕ್ಷಾರ ಸಿಕ್ಕರೆ ನೀಲಿ, ಹಸಿರು ಕಡೆಗೆ ತಿರುಗುತ್ತದೆ. ಬೇಯಿಸಿದ ಬಿಳಿ ತಾನೇ ಕ್ಷಾರ ಗುಣದ್ದು. ಹಾಗಾಗಿ ವಿನೆಗರ್ ಹಾಕದೆ ಮುಳುಗಿಸಿದರೆ ನೇರಳೆ ನೀರಿನಿಂದ ನೀಲಿ ಮೊಟ್ಟೆ ಬರುತ್ತದೆ! ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿ ಇನ್ನೂ ಖಚಿತ. ಸೋಡಾ ಜಾಸ್ತಿಯಾದರೆ ಹಸಿರಾಗುತ್ತದೆ. ಅದೇ ನೀರಿಗೆ ವಿನೆಗರ್ ಹಾಕಿದರೆ ಗುಲಾಬಿ ನೇರಳೆ. ಒಂದೇ ಕೋಸು, ಎರಡು ಬಟ್ಟಲು, ಎರಡು ಬಣ್ಣ. ಒಂದು ಎಚ್ಚರಿಕೆ: ಕೋಸಿನ ನೀರಿಗೆ ವಾಸನೆ ಇದೆ. ಬಣ್ಣ ಹಿಡಿದ ಮೇಲೆ ಮೊಟ್ಟೆಯನ್ನು ತಣ್ಣೀರಿನಲ್ಲಿ ಒಮ್ಮೆ ಅದ್ದಿ ಒರೆಸಿ. ನೀಲಿ ಮೊಟ್ಟೆಗೆ ತುಂಬುವ ಹೂರಣದಲ್ಲಿ ವಿನೆಗರ್ ಹಿತವಾಗಿರಲಿ. ಹುಳಿ ತಗುಲಿದ ಅಂಚು ಗುಲಾಬಿ ಕಡೆಗೆ ತಿರುಗಬಹುದು.

ವಾಸನೆ ಬೇಡ ಅನ್ನುವವರಿಗೆ ಶಂಖಪುಷ್ಪ ಇದೆ. ಒಣ ಹೂವನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಾಕು, ನೀಲಿ ಸಿದ್ಧ. ಇದಕ್ಕೂ ಹುಳಿ ಸೇರಿದರೆ ನೇರಳೆ. ಕೋಸಿಗಿಂತ ಇದರ ನೀಲಿ ಶುದ್ಧ ಅಂತ ನನ್ನ ಅಭಿಪ್ರಾಯ.

ಅರಿಶಿನ ಚೆನ್ನಾಗಿ ಹಿಡಿಯುತ್ತದೆ. ಆದರೆ ಹಳದಿ ಬಿಳಿಯೊಳಗೆ ಹಳದಿ ಹೂರಣ ಇಟ್ಟರೆ ಏನೂ ಕಾಣೋದಿಲ್ಲ. ಹಸಿರು ಹೂರಣದ ಜೊತೆಗಾದರೆ ಮಾತ್ರ ಅರಿಶಿನ ಬಳಸಿ. ಕೈ, ಬಟ್ಟೆ, ಪ್ಲಾಸ್ಟಿಕ್ ಡಬ್ಬ ಎಲ್ಲವೂ ಹಳದಿಯಾಗುತ್ತವೆ. ಗಾಜಿನ ಬಟ್ಟಲು ಒಳ್ಳೆಯದು.

ಒಟ್ಟಿನಲ್ಲಿ ಹೀಗೆ: ಒಂದೇ ಸಂಜೆಯಲ್ಲಿ ಐದಾರು ಬಣ್ಣ ಬೇಕು, ಎಲ್ಲವೂ ಒಂದೇ ಛಾಯೆಯಲ್ಲಿರಬೇಕು ಅಂದರೆ ಬಾಟಲಿ. ಹಿಂದಿನ ದಿನವೇ ಶುರುಮಾಡಬಹುದು, ಎರಡು ಮೂರು ಬಣ್ಣ ಸಾಕು ಅಂದರೆ ತರಕಾರಿ.

ಇಡಿಯಾಗಿ ಅದ್ದುವುದೋ, ಹೋಳು ಮಾಡಿ ಅದ್ದುವುದೋ?

ಇದು ಚಿಕ್ಕ ಆಯ್ಕೆ, ಆದರೆ ನೋಟ ಪೂರ್ತಿ ಬದಲಾಗುತ್ತದೆ. ಸುಲಿದ ಮೊಟ್ಟೆಯನ್ನು ಇಡಿಯಾಗಿ ಅದ್ದಿ ಆಮೇಲೆ ಕತ್ತರಿಸಿದರೆ ಹೊರಗೆ ಬಣ್ಣದ ಗೆರೆ, ಅದರೊಳಗೆ ಬಿಳಿ, ನಡುವೆ ಹಳದಿ. ಮೇಲಿನಿಂದ ನೋಡಿದಾಗ ಮೂರು ಪಟ್ಟಿ. ಹೋಳು ಮಾಡಿ ಅದ್ದಿದರೆ ಒಳಗೂ ಹೊರಗೂ ಒಂದೇ ಬಣ್ಣ. ದೂರದಿಂದ ಎದ್ದು ಕಾಣುವುದು ಇದೇ. ದೊಡ್ಡ ಮೇಜು, ತುಂಬಾ ಜನ ಅಂದರೆ ಹೋಳು ಮಾಡಿ ಅದ್ದಿ. ಹತ್ತಿರ ಕೂತು ತಿನ್ನುವ ಸಣ್ಣ ಕೂಟವಾದರೆ ಇಡಿಯಾಗಿ ಅದ್ದಿದ್ದು ನಾಜೂಕಾಗಿ ಕಾಣುತ್ತದೆ.

ಮೂರನೆಯದೂ ಒಂದಿದೆ. ಬೆಂದ ಮೊಟ್ಟೆಯ ಚಿಪ್ಪನ್ನು ಚಮಚದ ಬೆನ್ನಿನಿಂದ ತಟ್ಟಿ ಬಿರುಕು ಬಿಡಿಸಿ, ಸುಲಿಯದೆ ಗಾಢ ಬಣ್ಣದಲ್ಲಿ ಕೆಲವು ಗಂಟೆ ಇಡಿ. ಆಮೇಲೆ ಸುಲಿದರೆ ಬಿಳಿಯ ಮೇಲೆ ಬಣ್ಣದ ಎಳೆಗಳ ಬಲೆ. ಆದರೆ ಡೆವಿಲ್ಡ್ ಎಗ್ಗನ್ನು ಹೋಳಾಗಿ ಮಲಗಿಸಿ ಇಡುವುದರಿಂದ ಈ ಚಿತ್ತಾರ ಅಡಿಗೆ ಹೋಗುತ್ತದೆ. ನಿಲ್ಲಿಸಿ ಇಡುವ ಆಕಾರಕ್ಕೆ ಮಾತ್ರ ಈ ಶ್ರಮಕ್ಕೆ ಬೆಲೆ.

ಯಾವ ರೀತಿಯಲ್ಲಿ ಅದ್ದಿದರೂ ತುಂಬುವ ಮುಂಚೆ ಪೇಪರ್ ಟವಲ್ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಗುಳಿಯಲ್ಲಿ ಉಳಿದ ಒಂದು ಹನಿ ಬಣ್ಣದ ನೀರು ಹೂರಣದ ಅಂಚನ್ನು ಕೆಡಿಸುತ್ತದೆ.

ಆಕಾರ: ಚಾಕು, ಅಚ್ಚು, ಸಿಲಿಕೋನ್

ಚಾಕುವಿನಿಂದ ಶುರುಮಾಡೋಣ. ಸಣ್ಣ, ಚೂಪಾದ ಚಾಕುವಿನ ತುದಿಯನ್ನು ಮೊಟ್ಟೆಯ ನಡುಪಟ್ಟಿಯಲ್ಲಿ ಓರೆಯಾಗಿ, ನಡುವಿನ ತನಕ ಚುಚ್ಚಿ. ಅದರ ಪಕ್ಕದಲ್ಲೇ ಎದುರು ಓರೆಯಲ್ಲಿ ಇನ್ನೊಂದು. ಹೀಗೆ ಸುತ್ತಲೂ ಹಲ್ಲು ಹಲ್ಲಾಗಿ ಚುಚ್ಚುತ್ತಾ ಬಂದು, ಎರಡೂ ಭಾಗವನ್ನು ಮೆಲ್ಲಗೆ ಬಿಡಿಸಿದರೆ ಎರಡು ಹೂಬಟ್ಟಲು ಸಿಗುತ್ತವೆ. ಅಡಿಯಲ್ಲಿ ತೆಳ್ಳಗೆ ಒಂದು ಚೂರು ಕತ್ತರಿಸಿದರೆ ನೆಟ್ಟಗೆ ನಿಲ್ಲುತ್ತದೆ. ಇದಕ್ಕೆ ಹೊಸ ಸಾಮಾನು ಬೇಡ. ಮೊಟ್ಟೆ ತಣ್ಣಗಿದ್ದರೂ ನಡೆಯುತ್ತದೆ, ಚಿಕ್ಕದಿದ್ದರೂ ನಡೆಯುತ್ತದೆ. ಕೈ ಪಳಗಿದರೆ ಮೊಟ್ಟೆಗೆ ಒಂದು ನಿಮಿಷ ಸಾಕು. 30–40 ಹೋಳು ಬೇಕಾದಾಗ ಬೇರೆ ಯಾವ ವಿಧಾನವೂ ಇದಕ್ಕೆ ಸಾಟಿಯಲ್ಲ.

ಮಕ್ಕಳ ಪಾರ್ಟಿಗೆ ಚಾಕುವಿನದೇ ಇನ್ನೊಂದು ಆಕಾರ: ಮರಿಕೋಳಿ. ಮೇಲಿನ ಮೂರನೇ ಒಂದು ಭಾಗವನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಟೋಪಿಯಂತೆ ತೆಗೆಯಿರಿ. ಒಳಗೆ ಹೂರಣವನ್ನು ಎತ್ತರಕ್ಕೆ ತುಂಬಿ ಟೋಪಿ ಮತ್ತೆ ಇಡಿ. ಎರಡು ಕಾಳುಮೆಣಸಿನ ಚೂರು ಕಣ್ಣು, ಕ್ಯಾರೆಟ್ ಚೂರು ಕೊಕ್ಕು. ಮಕ್ಕಳು ತುಂಬಾ ಚಿಕ್ಕವರಾದರೆ ಕಣ್ಣಿಗೆ ಕಪ್ಪು ಎಳ್ಳು ಹಾಕಿ. ಇದರಲ್ಲಿ ಒಬ್ಬರಿಗೆ ಒಂದಿಡೀ ಮೊಟ್ಟೆ ಹೋಗುತ್ತದೆ, ಲೆಕ್ಕ ನೆನಪಿರಲಿ. ಎತ್ತರಕ್ಕೆ ತುಂಬಲು ಹೂರಣವೂ ಜಾಸ್ತಿ ಬೇಕು. ಪ್ರತಿ 6 ಮೊಟ್ಟೆಗೆ ಒಂದೆರಡು ಮೊಟ್ಟೆ ಹೆಚ್ಚುವರಿ ಬೇಯಿಸಿ, ಅವುಗಳ ಹಳದಿ ಸೇರಿಸಿ.

ಪ್ಲಾಸ್ಟಿಕ್ ಅಚ್ಚುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮೊಟ್ಟೆ ಬಿಸಿ ಇರುವಾಗಲೇ ಸುಲಿದು ಅಚ್ಚಿಗೆ ಒತ್ತಬೇಕು, ಅಚ್ಚು ಮುಚ್ಚಿ ತಣ್ಣೀರಿನಲ್ಲಿ 10 ನಿಮಿಷವಾದರೂ ಇಡಬೇಕು. ಅಷ್ಟು ಹೊತ್ತು ಆ ಅಚ್ಚು ಇನ್ನೊಂದು ಮೊಟ್ಟೆಗೆ ಸಿಗೋದಿಲ್ಲ. ಮೊಟ್ಟೆ ಚಿಕ್ಕದಾದರೆ ಮೂಲೆಗಳು ತುಂಬೋದಿಲ್ಲ, ನಕ್ಷತ್ರ ಮೊಂಡಾಗುತ್ತದೆ. ಕರಡಿ, ಮೊಲದಂಥ ಮುಖಗಳು ಊಟದ ಡಬ್ಬಿಯಲ್ಲಿ ಇಡಿಯಾಗಿ ಇಡಲು ಚೆನ್ನ. ಡೆವಿಲ್ಡ್ ಎಗ್ಗಿಗೆ ಹಳದಿ ತೆಗೆಯಬೇಕಲ್ಲ, ಆಗ ಕಿವಿ, ಮೂಗಿನ ಹತ್ತಿರ ಗೋಡೆ ಹರಿಯುತ್ತದೆ.

ಅಚ್ಚಿನ ಕೆಲಸವನ್ನೇ ಮನೆಯ ಕಡ್ಡಿಗಳಿಂದ ಮಾಡುವ ಉಪಾಯ ನನಗೆ ತುಂಬಾ ಮೆಚ್ಚುಗೆ. ಬಿಸಿ ಮೊಟ್ಟೆಯನ್ನು ದಪ್ಪ ರಟ್ಟಿನ ಮಡಿಕೆಯೊಳಗೆ ಉದ್ದಕ್ಕೆ ಮಲಗಿಸಿ. ರಟ್ಟಿಗೆ ಮೊದಲೇ ಆಹಾರದ ಪ್ಲಾಸ್ಟಿಕ್ ಹಾಳೆ ಸುತ್ತಿರಿ. ಮೇಲೆ ಒಂದು ಚಾಪ್‌ಸ್ಟಿಕ್ ಒತ್ತಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಫ್ರಿಜ್ಜಿನಲ್ಲಿ ತಣ್ಣಗಾಗಲು ಬಿಡಿ. ಆಮೇಲೆ ಅಡ್ಡಕ್ಕೆ ಕತ್ತರಿಸಿದರೆ ಎರಡು ಹೃದಯ. ಸುತ್ತಲೂ ಐದು ಕಡ್ಡಿ ಇಟ್ಟು ಕಟ್ಟಿದರೆ ಐದು ಎಸಳಿನ ಹೂವು. ಒಳಗಿನ ಹಳದಿಯೂ ಸ್ವಲ್ಪ ಅದೇ ಆಕಾರಕ್ಕೆ ಬರುವುದರಿಂದ ಗುಳಿಯೂ ಚೆಂದ ಕಾಣುತ್ತದೆ. ಇಡಿಯಾಗಿ ಅದ್ದಿದ ಬೀಟ್‌ರೂಟ್ ಬಣ್ಣಕ್ಕೆ ಈ ಹೂವು ಹೇಳಿ ಮಾಡಿಸಿದ ಜೋಡಿ. ಅಡ್ಡಕ್ಕೆ ಕತ್ತರಿಸಿದಾಗ ಎಸಳಿನ ಅಂಚಿಗೆ ಮಾತ್ರ ಗುಲಾಬಿ ಗೆರೆ ಬರುತ್ತದೆ. ಮೊದಲು ಆಕಾರ, ಆಮೇಲೆ ಬಣ್ಣ. ಈ ಕ್ರಮ ತಪ್ಪಬಾರದು, ಯಾಕೆಂದರೆ ಬಣ್ಣದಲ್ಲಿ ತಣ್ಣಗಾದ ಮೊಟ್ಟೆ ಮತ್ತೆ ಬಗ್ಗೋದಿಲ್ಲ.

ಸಿಲಿಕೋನ್ ಅಚ್ಚಿನದ್ದು ಬೇರೆಯದೇ ಲೋಕ. ಹಸಿ ಮೊಟ್ಟೆಯ ಬಿಳಿ, ಹಳದಿ ಬೇರೆ ಮಾಡಿ, ಬಿಳಿಯನ್ನು ಸೋಸಿ, ಬಣ್ಣ ಬೆರೆಸಿ, ಎಣ್ಣೆ ಸವರಿದ ಅಚ್ಚಿಗೆ ಸುರಿದು ಸಣ್ಣ ಉರಿಯ ಆವಿಯಲ್ಲಿ ಗಟ್ಟಿಮಾಡುವುದು. ಹಳದಿಯನ್ನು ಬೇರೆ ಬಟ್ಟಲಿನಲ್ಲಿ ಮುಚ್ಚಿ ಆವಿಯಲ್ಲಿ ಬೇಯಿಸುವುದು. ಸುಲಿಯುವ ಗೋಳೇ ಇಲ್ಲ. ಬಣ್ಣ ಒಳಗಿನ ತನಕ ಒಂದೇ ಸಮ. ಅಕ್ಷರ, ಎಲೆ, ನಕ್ಷತ್ರ ಯಾವುದಾದರೂ ಆಗುತ್ತದೆ. ಉರಿ ಜೋರಾದರೆ ಮಾತ್ರ ಉಬ್ಬಿ ತೂತು ತೂತಾಗುತ್ತದೆ. ತಿನ್ನುವಾಗ ಮಾಮೂಲಿ ಬಿಳಿಗಿಂತ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಗುಳಿಯನ್ನೂ ನೀವೇ ಚಮಚದಲ್ಲಿ ತೋಡಬೇಕು. ಅಚ್ಚಿಲ್ಲದವರು ಚಪ್ಪಟೆ ತಟ್ಟೆಯಲ್ಲಿ ಬಿಳಿಯನ್ನು ಹಾಳೆಯಂತೆ ಬೇಯಿಸಿ, ಬಿಸ್ಕೆಟ್ ಕಟರಿನಿಂದ ಕತ್ತರಿಸಿ, ಮೇಲೆ ಹೂರಣದ ಹೂವು ಬಿಡಬಹುದು. ಮಗುವಿನ ಹೆಸರಿನ ಅಕ್ಷರಗಳನ್ನು ಸಾಲಾಗಿ ಇಡಬೇಕು ಅನ್ನುವಂಥ ಆಸೆ ಇದ್ದಾಗ ಈ ದಾರಿ ಹಿಡಿಯಿರಿ.

ತುಂಬುವುದು, ಕಾಯ್ದಿಡುವುದು

ಪೈಪಿಂಗ್ ಬ್ಯಾಗಿಗೆ ಅಗಲ ಬಾಯಿಯ ನಕ್ಷತ್ರದ ನಾಝಲ್ ಹಾಕಿದರೆ ಅಂದ ಹೆಚ್ಚು. ಹಳದಿಯನ್ನು ಸಣ್ಣ ಜರಡಿಯಲ್ಲಿ ಒತ್ತಿ ಇಳಿಸದಿದ್ದರೆ ಗಂಟು ಸಿಕ್ಕಿ ನಾಝಲ್ ಕಟ್ಟುತ್ತದೆ. ಹೂರಣದಲ್ಲಿ ಈರುಳ್ಳಿ, ಸೊಪ್ಪಿನ ಚೂರು ಇದ್ದರೆ ನಾಝಲ್ ಬೇಡ. ಜಿಪ್ ಚೀಲದ ಮೂಲೆ ಕತ್ತರಿಸಿ ತುಂಬಿ. ಹಲ್ಲಿನ ಅಂಚಿನ ಬಟ್ಟಲಿಗೆ ಚಮಚವೂ ಸಾಕು, ಅಲ್ಲಿ ಅಂಚೇ ಅಲಂಕಾರ.

ಸುಲಿಯದ ಬೇಯಿಸಿದ ಮೊಟ್ಟೆ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಬಣ್ಣದ ಬಿಳಿ ಮತ್ತು ಹೂರಣವನ್ನು ಹಿಂದಿನ ದಿನ ಸಿದ್ಧಮಾಡಿ ಬೇರೆ ಬೇರೆ ಇಡಿ, ತುಂಬುವುದು ಪಾರ್ಟಿಯ ದಿನ. ಬೀಟ್‌ರೂಟ್ ಮೊಟ್ಟೆಗೆ ಇದು ಇನ್ನೂ ಮುಖ್ಯ. ರಾತ್ರಿಯೇ ತುಂಬಿಟ್ಟರೆ ಬೆಳಿಗ್ಗೆ ಹೂರಣದ ಅಂಚು ಗುಲಾಬಿಯಾಗಿರುತ್ತದೆ. ಗುಲಾಬಿ, ನೀಲಿ ಹೋಳುಗಳು ಒಂದಕ್ಕೊಂದು ತಗುಲದಂತೆ ಜೋಡಿಸಿ.

ಹೊರಗೆ ಇಟ್ಟ ಮೇಲೆ 2 ಗಂಟೆ, ಅದಕ್ಕಿಂತ ಜಾಸ್ತಿ ಬೇಡ. 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಖೆಯಲ್ಲಿ 1 ಗಂಟೆ ಅಷ್ಟೇ. ಹಾಗಾಗಿ ಬಯಲಿನ ಪಾರ್ಟಿಗೆ ಒಂದು ದೊಡ್ಡ ತಟ್ಟೆಗಿಂತ ಎರಡು ಮೂರು ಚಿಕ್ಕ ತಟ್ಟೆ ಮೇಲು. ಒಂದು ಖಾಲಿಯಾದ ಮೇಲೆ ಇನ್ನೊಂದನ್ನು ಫ್ರಿಜ್ಜಿನಿಂದ ತನ್ನಿ. ಮಯೊನೀಸ್ ಮನೆಯಲ್ಲೇ ಮಾಡುವುದಾದರೆ ಹಸಿ ಮೊಟ್ಟೆಯ ಬದಲು ಪಾಶ್ಚರೀಕರಿಸಿದ ಮೊಟ್ಟೆ ಬಳಸಿ.

ತಟ್ಟೆಯ ಮೇಲೆ ಹೋಳುಗಳು ಜಾರುತ್ತಿದ್ದರೆ ಪ್ರತಿಯೊಂದರ ಅಡಿಗೂ ಒಂದು ಚುಕ್ಕೆ ಹೂರಣ ಇಟ್ಟು ಒತ್ತಿ. ಪ್ಯಾಪ್ರಿಕಾ ಅಥವಾ ಮೆಣಸಿನ ಪುಡಿಯನ್ನು ಬಡಿಸುವ ಹೊತ್ತಿಗೆ ಉದುರಿಸಿ. ಮೊದಲೇ ಉದುರಿಸಿದರೆ ಪುಡಿ ತೇವ ಹೀರಿ ಹೂರಣದ ಮೇಲೆ ಕೆಂಪು ಕಲೆಯಾಗಿ ಹರಡುತ್ತದೆ.